ಬಜೆಟ್ ಸಭೆಗೆ ಬನ್ನಿ, ಬಾಕಿ ಪಟ್ಟಿ ಕೇಳಿ

ಊರಿನ ಹಿರಿಯರೇ, ಅಕ್ಕತಂಗಿಯರೇ, ಪೇಟೆ ಬೀದಿಯ ವರ್ತಕ ಮಿತ್ರರೇ, ‘ನಾವು ಬಾಡಿಗೆ ಮನೆಯವರು, ಕಂದಾಯದ ಗೊಡವೆ ನಮಗ್ಯಾಕೆ’ ಎಂದುಕೊಂಡಿರುವವರೇ,

ಚಳಿಗಾಲ ಬಂತೆಂದರೆ ನಮ್ಮ ಪುರಸಭೆ, ನಗರಸಭೆಗಳ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಕಾಣಿಸಿಕೊಳ್ಳುತ್ತದೆ. ಮುಂದಿನ ಸಾಲಿನ ಆಯವ್ಯಯ ತಯಾರಿಸುವ ಸಂಬಂಧ ಪೂರ್ವಭಾವಿ ಸಭೆ ಕರೆಯಲಾಗಿದೆ, ಸಾರ್ವಜನಿಕರು ಹಾಜರಾಗಿ ಸಲಹೆ ನೀಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಮುಖ್ಯಾಧಿಕಾರಿಯದೋ ಪೌರಾಯುಕ್ತರದೋ ರುಜು. ಜನನ ಪ್ರಮಾಣಪತ್ರಕ್ಕೋ ಇ-ಖಾತೆಗೋ ಕಾದು ನಿಂತವರು ಹೊತ್ತು ಹೋಗದೆ ಅದನ್ನು ಓದುತ್ತಾರೆ. ಓದಿದವರೂ ‘ಹಿಂಗೆಲ್ಲ ಬರೆದಿರ್ತಾರೆ ಬಿಡಿ’ ಎನ್ನುತ್ತಾರೆ. ಆ ಸಭೆಗೆ ಈ ವರ್ಷ ನೀವು ಬರಬೇಕು. ಬರಿಗೈಯಲ್ಲಿ ಬರದೆ ಒಂದೆರಡು ಪ್ರಶ್ನೆ ಬರೆದುಕೊಂಡು ಬರಬೇಕು. ಈ ಪತ್ರ ಅದನ್ನು ಕೇಳುವುದಕ್ಕಾಗಿ.

ಆ ಸಭೆ ಯಾರೋ ಕೃಪೆ ಮಾಡಿ ಕರೆಯುವುದಲ್ಲ. ಬಜೆಟ್ಟಿನ ಕರಡು ಸಿದ್ಧವಾಗುವ ಮುಂಚೆ ಊರಿನವರ ಜೊತೆ ಸಮಾಲೋಚನೆ ಆಗಬೇಕು ಎಂಬುದು 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಲ್ಲೇ ಇದೆ. ಮಾರ್ಚ್ ಹೊತ್ತಿಗೆ ಅಧ್ಯಕ್ಷರು ಬಜೆಟ್ ಪುಸ್ತಕ ಹಿಡಿದು ಫೋಟೊಗೆ ನಿಲ್ಲುವಾಗ ನಾವು ಏನು ಕೂಗಿದರೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಅಂಕಿಗಳೆಲ್ಲ ತಮ್ಮ ತಮ್ಮ ಕಾಲಂಗಳಲ್ಲಿ ಕೂತಾಗಿರುತ್ತದೆ.

ಈ ಪೂರ್ವಭಾವಿ ಸಭೆಗಳು ಯಾವ ಊರಿನಲ್ಲಾದರೂ ಹೆಚ್ಚೂಕಡಿಮೆ ಒಂದೇ ತರ ನಡೆಯುತ್ತವೆ. ಕೆಲಸದ ದಿನ, ಬೆಳಗ್ಗೆ ಹನ್ನೊಂದು ಗಂಟೆ. ವೇದಿಕೆ ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಸ್ಥಾಯಿ ಸಮಿತಿಯವರು. ಪಕ್ಕದಲ್ಲಿ ಲೆಕ್ಕಾಧಿಕಾರಿ, ಎಂಜಿನಿಯರ್, ಆರೋಗ್ಯ ನಿರೀಕ್ಷಕರು. ಎದುರಿಗೆ ನಿವೃತ್ತ ಮೇಷ್ಟ್ರು ಒಬ್ಬರು, ಸಂಘಟನೆಯ ಮುಖಂಡರು ಮೂರ್ನಾಲ್ಕು ಮಂದಿ, ಪತ್ರಿಕೆಯವರು, ಕುರ್ಚಿ ತುಂಬಲೆಂದು ಕರೆಸಿ ಕೂರಿಸಿದ ಸಿಬ್ಬಂದಿ. ಮಾತು ಹೀಗೆ ಸಾಗುತ್ತದೆ:

“ಸರ್, ನಮ್ಮ ಬೀದಿಗೆ ಎಂಟು ದಿನಕ್ಕೊಂದ್ಸಲ ನೀರು ಬಿಡ್ತಾರೆ.”

“ಎಂಜಿನಿಯರೇ, ನೋಟ್ ಮಾಡ್ಕೊಳ್ಳಿ.”

“ಬೀದಿನಾಯಿ ಕಾಟ ಸ್ವಾಮಿ, ಮಕ್ಕಳನ್ನ ಸ್ಕೂಲಿಗೆ ಕಳಿಸಕ್ಕಾಗ್ತಿಲ್ಲ.”

“ಅದನ್ನೂ ನೋಟ್ ಮಾಡ್ಕೊಳ್ಳಿ.”

“ಹೋದ ವರ್ಷ ಇದೇ ಜಾಗದಲ್ಲಿ ಇದನ್ನೇ ಹೇಳಿದ್ದೆ. ಆ ನೋಟು ಏನಾಯ್ತು ಸ್ವಾಮಿ?”

ಅಷ್ಟರಲ್ಲಿ ಟೀ ಬರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಸಮಸ್ಯೆಗಳ ಸುರಿಮಳೆ’ ಎಂಬ ಶೀರ್ಷಿಕೆ.

ಇದರಲ್ಲಿ ಅವರ ತಪ್ಪು ಎಷ್ಟಿದೆಯೋ ನಮ್ಮದೂ ಅಷ್ಟೇ ಇದೆ. ಚರಂಡಿ ಕಟ್ಟಿದ್ದು, ದೀಪ ಉರಿಯದ್ದು, ನಾಯಿ ಕಚ್ಚಿದ್ದು ವರ್ಷದ ಮುನ್ನೂರ ಅರವತ್ತೈದು ದಿನವೂ ಕೊಡಬೇಕಾದ ದೂರು. ಬಜೆಟ್ ಸಭೆಯಲ್ಲಿ ಕೇಳಬೇಕಾದದ್ದು ಹಣದ ಮಾತು. ಎಲ್ಲಿಂದ ಬಂತು, ಎಲ್ಲಿಂದ ಬರಬೇಕಾದದ್ದು ಬರಲಿಲ್ಲ, ಯಾವುದಕ್ಕೆಂದು ಇಟ್ಟದ್ದು ಯಾವುದಕ್ಕೆ ಹೋಯಿತು? ಅಹವಾಲು ಹೇಳಿದರೆ ‘ನೋಟ್ ಮಾಡ್ಕೊಳ್ಳಿ’ ಎಂದು ತೇಲಿಸಬಹುದು. ಲೆಕ್ಕ ಕೇಳಿದರೆ ಹಾಗೆ ತೇಲಿಸುವುದು ಕಷ್ಟ, ಯಾಕೆಂದರೆ ಉತ್ತರ ಇರುವ ಪುಸ್ತಕ ಲೆಕ್ಕಾಧಿಕಾರಿಯ ಕೈಯಲ್ಲೇ ಇರುತ್ತದೆ.

ಸಭೆ ಕಾವೇರುವುದು ಕಂದಾಯ ಏರಿಸುವ ಮಾತು ಬಂದಾಗ. ‘ಜನ ಕಂದಾಯ ಕಟ್ಟಲ್ಲ, ಸೌಲಭ್ಯ ಮಾತ್ರ ಕೇಳ್ತಾರೆ’ ಎಂದು ಅಧಿಕಾರಿಗಳು. ‘ಮೊದಲು ಸೌಲಭ್ಯ ಕೊಡಿ, ಆಮೇಲೆ ಕಂದಾಯ ಕೇಳಿ’ ಎಂದು ನಾವು. ಇವೆರಡು ಮಾತನ್ನು ನಮ್ಮ ಅಜ್ಜಂದಿರ ಕಾಲದಿಂದಲೂ ಆಡುತ್ತಿದ್ದೇವೆ. ಯಾರೂ ಗೆದ್ದದ್ದು ಕಾಣೆ.

ಸ್ವಲ್ಪ ಲೆಕ್ಕ ಹಾಕೋಣ. ಕರ್ನಾಟಕದ ಪಟ್ಟಣಗಳಲ್ಲಿ ಈಗ ಆಸ್ತಿ ತೆರಿಗೆ ನಿಂತಿರುವುದು ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಮೇಲೆ. ಆ ದರದ ಶೇ 25ರಷ್ಟನ್ನು ತೆರಿಗೆಗೆ ಒಳಪಡುವ ಮೌಲ್ಯವೆಂದು ಹಿಡಿದು, ಕಾನೂನಿನ ಮಿತಿಯೊಳಗೆ ಕೌನ್ಸಿಲ್ ನಿಗದಿ ಮಾಡಿದ ಪ್ರಮಾಣದಲ್ಲಿ ತೆರಿಗೆ ಹಾಕುತ್ತಾರೆ. ಲೆಕ್ಕಕ್ಕೆಂದು ಒಂದು ಮನೆ ತೆಗೆದುಕೊಳ್ಳಿ. ಮಾರ್ಗಸೂಚಿ ಪ್ರಕಾರ ಬೆಲೆ 30 ಲಕ್ಷ ರೂಪಾಯಿ. ಸವಕಳಿ ಬಿಟ್ಟು ನೋಡಿದರೆ ಶೇ 25 ಎಂದರೆ 7.5 ಲಕ್ಷ. ವಾಸದ ಮನೆಗೆ ಶೇ ಅರ್ಧ ಎಂದು ನಿಗದಿಯಾಗಿದ್ದರೆ ತೆರಿಗೆ 3,750 ರೂಪಾಯಿ. ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಒಟ್ಟು 900 ರೂಪಾಯಿ. ಮನೆಯವರು ಕಟ್ಟುವುದು 4,650.

ವರ್ಷಕ್ಕೆ ಶೇ 3ರಿಂದ 5ರಷ್ಟು ತೆರಿಗೆ ಏರಿಸಬೇಕೆಂಬುದು ಈಚಿನ ಕ್ರಮ. ಶೇ 3 ಏರಿದರೆ ಈ ಮನೆಗೆ ಬೀಳುವುದು, ಕರಗಳೂ ಸೇರಿ, ವರ್ಷಕ್ಕೆ 140 ರೂಪಾಯಿಯ ಒಳಗೆ. ತಿಂಗಳಿಗೆ 12 ರೂಪಾಯಿ ಮುಟ್ಟುವುದಿಲ್ಲ. ಇಷ್ಟಕ್ಕೆ ಸಭೆಯಲ್ಲಿ ಮೈಕು ಕಿತ್ತುಕೊಳ್ಳುತ್ತೇವೆ. ಮಾರ್ಗಸೂಚಿ ದರವೇ ಏರಿದ ವರ್ಷ ಮಾತ್ರ ಪೆಟ್ಟು ದೊಡ್ಡದು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಆ ದರ ಪರಿಷ್ಕರಣೆಯಾಯಿತು. ಅದರ ಬಿಸಿ ಅನುಭವಿಸಿದವರ ಸಿಟ್ಟನ್ನು ನಾನು ಅಲ್ಲಗಳೆಯುವುದಿಲ್ಲ. ಮನೆ ಮಾರುವ ಯೋಚನೆಯೇ ಇಲ್ಲದ ವಿಧವೆಗೆ ತನ್ನ ಮನೆಯ ಬೆಲೆ ಏರಿದೆ ಎಂಬ ಸುದ್ದಿಯಿಂದ ಆಗುವ ಲಾಭ ಏನು?

ಈಗ ಇನ್ನೊಂದು ಕಡೆಯ ಲೆಕ್ಕ. ಒಂದು ಪುರಸಭೆಯ ವಾರ್ಷಿಕ ಆಸ್ತಿ ತೆರಿಗೆ ಬೇಡಿಕೆ ಒಂದು ಕೋಟಿ ರೂಪಾಯಿ, ವಸೂಲಿಯಾಗುವುದು 60 ಲಕ್ಷ ಎಂದಿಟ್ಟುಕೊಳ್ಳಿ. ಶೇ 3 ಏರಿಸಿದರೆ ಬೇಡಿಕೆ ಕಾಗದದ ಮೇಲೆ 1 ಕೋಟಿ 3 ಲಕ್ಷ ಆಗುತ್ತದೆ. ಕಟ್ಟುವವರು ಅದೇ ಮಂದಿ, ಆದ್ದರಿಂದ ನಿಜವಾಗಿ ಹೆಚ್ಚಿಗೆ ಬರುವುದು 1.8 ಲಕ್ಷ. ಅದೇ, ಏರಿಸದೆ ಬಿಟ್ಟು ಬಾಕಿ 40 ಲಕ್ಷದಲ್ಲಿ ಹತ್ತರಲ್ಲೊಂದು ಪಾಲು ಎಳೆದು ತಂದರೂ 4 ಲಕ್ಷ. ತೆರಿಗೆ ಏರಿಸಿದಾಗ ಅದರ ಭಾರವೆಲ್ಲ ಈಗಾಗಲೇ ಪ್ರಾಮಾಣಿಕವಾಗಿ ಕಟ್ಟುತ್ತಿರುವವರ ಬೆನ್ನಿಗೇ ಬೀಳುತ್ತದೆ. ಕಟ್ಟದವನಿಗೆ ಶೇ 3 ಆದರೇನು, ಶೇ 30 ಆದರೇನು?

ಆದ್ದರಿಂದ ‘ಏರಿಸಬೇಡಿ’ ಎಂಬ ಕೂಗನ್ನು ಈ ಸಲ ಸ್ವಲ್ಪ ಪಕ್ಕಕ್ಕಿಡಿ. ಕೇಳಬೇಕಾದ ಮೊದಲ ಕಾಗದ ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ತಃಖ್ತೆ. ಇದು ವಾರ್ಡುವಾರು ಬೇಕು. ಅತಿ ಹೆಚ್ಚು ಬಾಕಿ ಉಳಿಸಿಕೊಂಡ ಮೊದಲ ಐವತ್ತು ಸ್ವತ್ತುಗಳ ಪಟ್ಟಿ ಬೇಕು. ಅದನ್ನು ಓದಿ ಹೇಳಿದರೆ ಸಭೆಯಲ್ಲಿ ಗದ್ದಲ ಆಗುತ್ತದೆ ಎಂದು ಅಧಿಕಾರಿಗಳು ಹಿಂಜರಿಯಬಹುದು. ಆಗಲಿ. ಸಣ್ಣ ಮನೆಯವರ ಬಾಗಿಲಿಗೆ ಬಿಲ್ ಕಲೆಕ್ಟರ್ ಮೂರು ಸಲ ಬರುತ್ತಾರೆ, ಕಲ್ಯಾಣ ಮಂಟಪದ ಗೇಟಿನ ಹತ್ತಿರ ಅವರ ಕಾಲು ತಡವರಿಸುತ್ತದೆ. ಜೂನ್ ದಾಟಿದರೆ ತಿಂಗಳಿಗೆ ಶೇ 2ರಂತೆ ದಂಡ ಎಂಬ ನಿಯಮ ಇಬ್ಬರಿಗೂ ಒಂದೇ ಅಲ್ಲವೇ?

ಎರಡನೆಯ ಕಾಗದ ಮಳಿಗೆ ಬಾಡಿಗೆಯದು. ನಮ್ಮ ಯಾವುದೇ ಊರಿನ ಬಸ್ ಸ್ಟ್ಯಾಂಡಿನ ಎದುರು, ಸಂತೆ ಮೈದಾನದ ಅಂಚಿನಲ್ಲಿ ಪುರಸಭೆಯ ವಾಣಿಜ್ಯ ಮಳಿಗೆಗಳ ಸಾಲು ಇದ್ದೇ ಇರುತ್ತದೆ. ಎಂದೋ ಹರಾಜಿನಲ್ಲಿ ಹಿಡಿದವರು ಹಳೆಯ ಬಾಡಿಗೆಯಲ್ಲೇ ಮುಂದುವರಿದು, ಅದನ್ನೇ ಇನ್ನೊಬ್ಬರಿಗೆ ಹತ್ತು ಪಟ್ಟು ಬಾಡಿಗೆಗೆ ಕೊಟ್ಟು, ಮನೆಯಲ್ಲಿ ಕಾಲು ಚಾಚಿಕೊಂಡಿರುವ ಕತೆಗಳು ಊರೂರಿನ ಹೋಟೆಲು ಮಾತು. ಮರುಹರಾಜು ಎಂದೊಡನೆ ನ್ಯಾಯಾಲಯದ ತಡೆಯಾಜ್ಞೆ. ಇದರಲ್ಲಿ ಸದಸ್ಯರ ನೆಂಟರಿಷ್ಟರೂ ಇರುವುದುಂಟು, ವಿರೋಧ ಪಕ್ಷದವರ ನೆಂಟರೂ ಇರುವುದುಂಟು. ಅದಕ್ಕೇ ಇರಬೇಕು, ಸಾಮಾನ್ಯ ಸಭೆಯಲ್ಲಿ ಉಳಿದೆಲ್ಲದಕ್ಕೂ ಜಗಳವಾಡುವವರು ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ಸುಮ್ಮನಿರುತ್ತಾರೆ. ಎಷ್ಟು ಮಳಿಗೆ, ಯಾರ ಹೆಸರಿಗೆ, ತಿಂಗಳ ಬಾಡಿಗೆ ಎಷ್ಟು, ಕರಾರು ಮುಗಿದದ್ದು ಯಾವಾಗ, ಬಾಕಿ ಎಷ್ಟು, ಇಷ್ಟನ್ನು ಬರಹದಲ್ಲಿ ಕೇಳಿ. ವರ್ತಕ ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ಒಳಬಾಡಿಗೆ ತೆತ್ತು ಸೋತವರೇ. ನೇರ ಹರಾಜಾದರೆ ನಿಮಗೂ ನಷ್ಟವಿಲ್ಲ.

ಸ್ಥಳೀಯ ಸಂಸ್ಥೆಗಳ ಕೈ ಇಷ್ಟು ಬರಿದಾದದ್ದು ಹೇಗೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅಧಿಕಾರಿಗಳಿಗೆ ಅನ್ಯಾಯವಾಗುತ್ತದೆ. ಒಂದು ಕಾಲಕ್ಕೆ ಊರ ಬಾಗಿಲಲ್ಲಿ ಗಾಡಿ ತಡೆದು ಆಕ್ಟ್ರಾಯ್ ವಸೂಲು ಮಾಡುತ್ತಿದ್ದರು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು. ಗಾಡಿಯವರಿಗೆ ಕಿರುಕುಳ ತಪ್ಪಿತು, ಪುರಸಭೆಗೆ ದಿನನಿತ್ಯದ ಕಾಸು ತಪ್ಪಿತು. 2017ರಲ್ಲಿ ಜಿಎಸ್‌ಟಿ ಬಂದು ಜಾಹೀರಾತು ತೆರಿಗೆಯನ್ನೂ ಒಳಗೆ ಹಾಕಿಕೊಂಡಿತು. ಸ್ವಂತದ್ದೆಂದು ಹೇಳಿಕೊಳ್ಳುವಂಥ ದೊಡ್ಡ ತೆರಿಗೆ ಈಗ ಆಸ್ತಿ ತೆರಿಗೆ ಒಂದೇ. 1992ರ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ ಹದಿನೆಂಟು ಕೆಲಸ ಪಟ್ಟಿ ಮಾಡಿತು. ಅಷ್ಟಕ್ಕೂ ಸಾಕಾಗುವ ಹಣದ ದಾರಿಯನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. ರಿಸರ್ವ್ ಬ್ಯಾಂಕಿನ 2022ರ ವರದಿ ಹೇಳುವಂತೆ ಭಾರತದ ನಗರ ಸಂಸ್ಥೆಗಳ ಆದಾಯ ದೇಶದ ಜಿಡಿಪಿಯ ಸುಮಾರು ಶೇ 1ರಲ್ಲೇ ಹತ್ತು ವರ್ಷಕ್ಕೂ ಮೇಲ್ಪಟ್ಟು ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ 7.4, ದಕ್ಷಿಣ ಆಫ್ರಿಕಾದಲ್ಲಿ ಶೇ 6.

ಮೇಲಿನಿಂದ ಬರುವ ಹಣಕ್ಕೆ ಹಗ್ಗ ಕಟ್ಟಿರುತ್ತದೆ. ರಾಜ್ಯ ಹಣಕಾಸು ಆಯೋಗದ್ದೆಂದು ಬರುವ ಎಸ್‌ಎಫ್‌ಸಿ ಅನುದಾನದಲ್ಲಿ ವೇತನದ್ದು ಬೇರೆ, ವಿದ್ಯುತ್ ಬಿಲ್ಲಿನದು ಬೇರೆ, ಉಳಿದ ಮುಕ್ತನಿಧಿ ಅಷ್ಟಿಷ್ಟು. ನೀರೆತ್ತುವ ಪಂಪು, ಬೀದಿದೀಪಗಳ ಕರೆಂಟು ಬಿಲ್ಲೇ ದೊಡ್ಡ ಮೊತ್ತ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅದನ್ನು ಪಡೆಯಲೂ ಷರತ್ತು: ಆಸ್ತಿ ತೆರಿಗೆಯ ಕನಿಷ್ಠ ದರ ಅಧಿಸೂಚನೆಯಾಗಬೇಕು, ವಸೂಲಿ ವರ್ಷದಿಂದ ವರ್ಷಕ್ಕೆ ಏರಬೇಕು, ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಜನರಿಗೆ ಸಿಗುವಂತೆ ಪ್ರಕಟವಾಗಬೇಕು. ‘ಸರ್ಕಾರ ಹೇಳಿದೆ, ಏರಿಸಲೇಬೇಕು’ ಎಂದು ಮುಖ್ಯಾಧಿಕಾರಿ ಹೇಳುವಾಗ ಅವರು ಪೂರ್ತಿ ನೆಪ ಹೇಳುತ್ತಿಲ್ಲ. ಮೂರನೆಯ ಷರತ್ತು ಪೂರೈಸಿದ್ದೀರಾ, ಆ ಲೆಕ್ಕಪತ್ರ ಎಲ್ಲಿದೆ ಎಂದು ನಾವು ಕೇಳದಿರುವುದರಿಂದ ಮೊದಲ ಎರಡೇ ನಮ್ಮ ಕಿವಿಗೆ ಬೀಳುತ್ತವೆ.

ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ಹೆದರಬೇಡಿ. ರಾಜಸ್ವ, ಬಂಡವಾಳ, ಅಸಾಧಾರಣ ಎಂದು ಮೂರು ಭಾಗ. ದಿನನಿತ್ಯದ ಆದಾಯ ಖರ್ಚು ರಾಜಸ್ವದಲ್ಲಿ, ರಸ್ತೆ, ಚರಂಡಿ, ಕಟ್ಟಡ ಬಂಡವಾಳದಲ್ಲಿ. ಠೇವಣಿ, ಗುತ್ತಿಗೆದಾರರ ಬಿಲ್ಲಿನ ಕಡಿತ, ಬೇರೆಯವರಿಗೆ ಕಟ್ಟಬೇಕಾದ ಕರಗಳು ಅಸಾಧಾರಣದಲ್ಲಿ. ನಮ್ಮಿಂದ ವಸೂಲು ಮಾಡಿದ ಗ್ರಂಥಾಲಯ ಕರ ಗ್ರಂಥಾಲಯ ಇಲಾಖೆಗೆ ಹೋಯಿತೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಹೋಗದೆ ಉಳಿದ ಊರುಗಳು ಬೇಕಾದಷ್ಟಿವೆ. ಲೈಬ್ರರಿಯಲ್ಲಿ ಪತ್ರಿಕೆ ನಿಂತಿತೆಂದು ಗೊಣಗುವ ಮೇಷ್ಟ್ರು ಈ ಪುಟ ನೋಡಬೇಕು.

ಪತ್ರಿಕೆಗಳಲ್ಲಿ ಬರುವ ‘ಇಷ್ಟು ಲಕ್ಷದ ಉಳಿತಾಯ ಬಜೆಟ್’ ಎಂಬ ಶೀರ್ಷಿಕೆಗೆ ಮರುಳಾಗಬೇಡಿ. ಉಳಿತಾಯ ತೋರಿಸುವುದು ಬಲು ಸುಲಭ. ಆರಂಭಿಕ ಶಿಲ್ಕು ದೊಡ್ಡದಾಗಿರುತ್ತದೆ. ಹೋದ ವರ್ಷ ಖರ್ಚಾಗದೆ ಬಿದ್ದಿದ್ದ ಅನುದಾನವೇ ಅದು. ಇನ್ನು ಈ ವರ್ಷ ಬರುತ್ತದೆಂದು ಬರೆದ ಆದಾಯವೋ, ಬರೆದವರಿಗೇ ನಂಬಿಕೆ ಇಲ್ಲದ್ದು. ಕಟ್ಟಡ ಪರವಾನಗಿಯಿಂದ ಇಷ್ಟು, ನಲ್ಲಿ ಶುಲ್ಕದಿಂದ ಇಷ್ಟು ಎಂದು ಕನಸು ಬರೆದು, ಅದರ ಮೇಲೆ ಉದ್ಯಾನ, ಸ್ವಾಗತ ಕಮಾನು, ಪ್ರತಿಮೆ ಎಲ್ಲ ಕಟ್ಟುತ್ತಾರೆ. ಡಿಸೆಂಬರ್ ಹೊತ್ತಿಗೆ ಪರಿಷ್ಕೃತ ಅಂದಾಜಿನಲ್ಲಿ ಉದ್ಯಾನ ಸದ್ದಿಲ್ಲದೆ ಮಾಯ. ಅದಕ್ಕೇ ಒಂದೇ ಕಾಲಂ ನೋಡಬಾರದು. ಹೋದ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಆದ ಜಮಾ ಖರ್ಚು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕ ಪೂರ್ತಿ ಓದುವುದು ಬೇಡ. ನಿಮ್ಮ ಬೀದಿಗೆ ಸಂಬಂಧಿಸಿದ ಒಂದು ಸಾಲು ಸಾಕು.

ಬಾಡಿಗೆ ಮನೆಯವರು, ಕೊಳೆಗೇರಿಯವರು ‘ನಮ್ಮದೇನಿದೆ’ ಎನ್ನಬೇಡಿ. ನೀವು ಕೊಡುವ ಬಾಡಿಗೆಯಲ್ಲೇ ಮಾಲೀಕರ ಕಂದಾಯವೂ ಸೇರಿರುತ್ತದೆ. ಪುರಸಭೆಯ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಆ ಹಣ ಖರ್ಚಾಗದೆ ವರ್ಷದಿಂದ ವರ್ಷಕ್ಕೆ ಉರುಳಿಕೊಂಡು ಹೋಗುವುದು, ಇಲ್ಲವೇ ಯಾವುದೋ ರಸ್ತೆಗೆ ಹೊಂದಿಕೊಳ್ಳುವುದು ಹೊಸತಲ್ಲ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ತಮ್ಮ ಸಂಘದ ಲೆಕ್ಕವನ್ನು ಪೈಸೆ ಬಿಡದೆ ಬರೆಯುವವರು. ಅವರಲ್ಲಿ ನಾಲ್ಕು ಮಂದಿ ಮುಂದಿನ ಸಾಲಿನಲ್ಲಿ ಕೂತು ಈ ಮೂರು ಅಂಕಿಗಳ ಲೆಕ್ಕ ಕೇಳಿದರೆ ಸಭೆಯ ಧಾಟಿಯೇ ಬೇರೆಯಾಗುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. 2002ರಲ್ಲೇ ಜನಾಗ್ರಹ ಮುಂತಾದ ಸಂಸ್ಥೆಗಳು ‘ಪ್ರೂಫ್’ ಆಂದೋಲನ ನಡೆಸಿ ಪಾಲಿಕೆಯ ಮೂರು ತಿಂಗಳಿಗೊಮ್ಮೆಯ ಲೆಕ್ಕವನ್ನು ಜನರ ಮುಂದಿಡಿಸಿದ್ದವು. ಅಂಥ ಊರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಬಜೆಟ್ ಮಾಡಿದರು, ಅಧಿಕಾರಿಗಳೇ ಒಪ್ಪಿಕೊಂಡರು. 2024ರಲ್ಲಿ ಬಾಕಿದಾರರಿಗೆ ಒಂದು ಬಾರಿಯ ತೀರುವಳಿ ಎಂದು ಬಡ್ಡಿ, ದಂಡದಲ್ಲಿ ರಿಯಾಯಿತಿ ಸಿಕ್ಕಿತು. ಏಪ್ರಿಲ್‌ನಲ್ಲೇ ಕಟ್ಟಿದವರು ‘ನಾವು ದಡ್ಡರಾದೆವಾ’ ಎಂದು ಕೇಳಿದರೆ ಉತ್ತರ ಕೊಡುವ ಕಾರ್ಪೊರೇಟರ್ ಇರಲಿಲ್ಲ. ಬೇರೆ ಊರುಗಳಲ್ಲೂ ಅಧ್ಯಕ್ಷ ಸ್ಥಾನದ ಮೀಸಲಾತಿ ಗೊಂದಲದಿಂದ ಆಡಳಿತಾಧಿಕಾರಿಗಳ ಕಾಲ ಬಹಳ ನಡೆದಿದೆ. ಚುನಾಯಿತರಿಲ್ಲದ ವರ್ಷ ಪೂರ್ವಭಾವಿ ಸಭೆಗೆ ಹೋಗುವುದು ಇನ್ನೂ ಹೆಚ್ಚು ಅಗತ್ಯ. ಆ ವರ್ಷ ನಮ್ಮ ಪರವಾಗಿ ಕೇಳುವವರು ಬೇರೆ ಯಾರೂ ಇರುವುದಿಲ್ಲ.

ಅಧಿಕಾರಿಗಳಲ್ಲೂ ಸದಸ್ಯರಲ್ಲೂ ಕೆಲವು ವಿನಂತಿ. ಸಭೆಯನ್ನು ಭಾನುವಾರ ಇಟ್ಟುಕೊಳ್ಳಿ, ಇಲ್ಲವೇ ಸಂಜೆ ಆರಕ್ಕೆ. ಕೂಲಿ ಕಳೆದುಕೊಂಡು ಬಂದು ಸಲಹೆ ಕೊಡಿ ಎಂದು ಗಾರೆ ಕೆಲಸದವರನ್ನು ಕೇಳಲಾಗದು. ಕಸದ ಗಾಡಿಯ ಮೈಕಿನಲ್ಲಿ ದಿನಾ ಬೆಳಗ್ಗೆ ಹಸಿ ಕಸ, ಒಣ ಕಸ ಎಂದು ಹಾಡು ಹಾಕುತ್ತೀರಿ. ಸಭೆಗೆ ಮುಂಚಿನ ಒಂದು ವಾರ ಅದೇ ಮೈಕಿನಲ್ಲಿ ದಿನಾಂಕ ಹೇಳಿಸಿ. ಕಚೇರಿಯ ಸಭಾಂಗಣಕ್ಕೆ ಬರಲು ಅಂಜುವವರಿದ್ದಾರೆ, ವಾರ್ಡಿನ ಶಾಲೆಯಲ್ಲಿ ಕೂತರೆ ಬರುತ್ತಾರೆ. ಪುಣೆಯ ಪಾಲಿಕೆ 2006ರ ಹೊತ್ತಿನಿಂದ ಜನರಿಂದ ಸಣ್ಣ ಕಾಮಗಾರಿಗಳ ಪ್ರಸ್ತಾವ ಪಡೆದು ಬಜೆಟ್ಟಿಗೆ ಸೇರಿಸುವ ಪದ್ಧತಿ ಇಟ್ಟುಕೊಂಡಿದೆ. ನಮ್ಮ ಇಪ್ಪತ್ತಮೂರು ವಾರ್ಡಿನ ಪುರಸಭೆಗೆ ಅದು ಅಸಾಧ್ಯವೇನಲ್ಲ. ಸಭೆಯ ಮೊದಲ ಹತ್ತು ನಿಮಿಷ, ಹೋದ ಸಲ ಬಂದ ಸಲಹೆಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಎಂದು ಓದಿ ಹೇಳಿ. ಆಗಲಿಲ್ಲ ಎಂದರೆ ಬೈಯಬಹುದು. ಕಾರಣ ಹೇಳಿದರೆ ಜನ ಕೇಳುತ್ತಾರೆ, ಅಷ್ಟು ನಂಬಿ.

ನಾವೂ ನಮ್ಮ ಕಡೆಯದನ್ನು ಸರಿ ಮಾಡಿಕೊಂಡು ಹೋಗೋಣ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದ್ದೇ ಇದೆ. ಮೂರು ಅಂತಸ್ತು ಕಟ್ಟಿ ಒಂದೇ ಅಂತಸ್ತಿಗೆ ಘೋಷಣೆ ಕೊಟ್ಟವರು, ಮೀಟರಿಲ್ಲದ ನಲ್ಲಿ ಎಳೆದುಕೊಂಡವರು ಸಭೆಯಲ್ಲಿ ದನಿ ಎತ್ತಿದರೆ ಲೆಕ್ಕಾಧಿಕಾರಿ ಕಡತ ತಿರುವಿ ನಗುತ್ತಾರೆ, ಅಷ್ಟೆ.

ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ. ಪ್ರಶ್ನೆಯನ್ನು ಬಾಯಲ್ಲಿ ಹೇಳಿದ ಮೇಲೆ ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ವಾರ ಬಿಟ್ಟು ನೋಡಿ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ: ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಬಾಕಿ ಪಟ್ಟಿಗೊಂದು, ಮಳಿಗೆ ಬಾಡಿಗೆಗೊಂದು ಬೇರೆ ಬೇರೆ ಬರೆಯಿರಿ.

ನಿಮ್ಮ ಊರಿನಲ್ಲಿ ಸಭೆಯ ದಿನಾಂಕ ಇನ್ನೂ ಪ್ರಕಟವಾಗಿಲ್ಲದಿದ್ದರೆ ಈ ವಾರವೇ ಕಚೇರಿಗೆ ಹೋಗಿ ಕೇಳಿ. ‘ಇನ್ನೂ ನಿಗದಿಯಾಗಿಲ್ಲ’ ಎಂದರೆ ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಕೊಡಿ ಎನ್ನಿ.